ಹುಟ್ಟಿನಿಂದ ಹದಿಹರೆಯದವರೆಗಿನ ನನ್ನ ಬೆಳವಣಿಗೆಯನ್ನು ನಾನೇ ಬರೆಯುವುದು ಹೇಗೆ?

ಕಪಿಲೆಯ ದಡದವಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಬಿ.ಇಡಿ. ಓದುತ್ತಿದ್ದೇನೆ, ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ಬಾಲ್ಯ ಮತ್ತು ಬೆಳವಣಿಗೆಯ ಪತ್ರಿಕೆಯ ಅಂಗವಾಗಿ, ಪ್ರತಿಯೊಬ್ಬರೂ ಹುಟ್ಟಿನಿಂದ ಹದಿಹರೆಯದವರೆಗಿನ ತಮ್ಮ ದೈಹಿಕ, ಬೌದ್ಧಿಕ, ಭಾವನಾತ್ಮಕ ಮತ್ತು ಸಾಮಾಜಿಕ ಬೆಳವಣಿಗೆಯನ್ನು ಅವಲೋಕಿಸಿ ದೀರ್ಘವಾದ ಬರಹವೊಂದನ್ನು ಒಪ್ಪಿಸಬೇಕೆಂದು ನಮಗೆ ಹೇಳಿದ್ದಾರೆ. ಹಿಂದಿನ ವರ್ಷದವರ ಬರಹಗಳನ್ನು ನೋಡಿದೆ. ಹೆಚ್ಚಿನವುಗಳಲ್ಲಿ ಮನೋವಿಜ್ಞಾನಿಗಳಾದ ಪಿಯಾಜೆ ಮತ್ತು ಎರಿಕ್‌ಸನ್ ಹೇಳಿದ ಬೆಳವಣಿಗೆಯ ಹಂತಗಳ ಹೆಸರನ್ನು ಶೀರ್ಷಿಕೆಯಾಗಿ ಹಾಕಿ, ಅದರ ಕೆಳಗೆ ‘ಈ ಹಂತವನ್ನು ನಾನು ಯಶಸ್ವಿಯಾಗಿ ದಾಟಿದೆ’ ಎಂದು ಬರೆಯಲಾಗಿದೆ. ಹಾಗೆ ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ನಾನು ಹುಟ್ಟಿದ್ದು 2003ರ ಅಕ್ಟೋಬರಿನಲ್ಲಿ. ನನಗೆ ಎಂಟು ತಿಂಗಳಾಗುವ ಹೊತ್ತಿಗೆ ಅವ್ವ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಮರಳಿದ್ದರಿಂದ, ನಾನು ಬೆಳೆದದ್ದು ಅವ್ವನ ತವರಿನಲ್ಲಿ, ಅಜ್ಜಿಯ ಕೈಯಲ್ಲಿ. ಮೊದಲ ನಾಲ್ಕು ವರ್ಷಗಳ ಬಗ್ಗೆ ಇವರಿಬ್ಬರ ಮಾತು ಕೂಡುವುದೇ ಇಲ್ಲ. ಮೊದಲ ಗೌರಿ ಹಬ್ಬಕ್ಕೇ ನಾನು ಹೆಜ್ಜೆ ಹಾಕುತ್ತಿದ್ದೆ ಎಂದು ಅಜ್ಜಿ ಹೇಳಿದರೆ, ಸಂಕ್ರಾಂತಿಯವರೆಗೂ ನಡೆಯಲಿಲ್ಲವೆಂದು ಅವ್ವ ಹೇಳುತ್ತಾಳೆ. ನನ್ನ ಅತ್ಯಂತ ಹಳೆಯ ನೆನಪೆಂದರೆ, ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳದಲ್ಲಿ ತಾತನ ಹೆಗಲ ಮೇಲೆ ಕುಳಿತು, ಹೊಳೆಯನ್ನೂ ಜನರನ್ನೂ ನೋಡಿದ್ದು. ಆದರೆ ತಾತ ಇದ್ದಾಗ ನಡೆದ ಮೇಳದ ಹೊತ್ತಿಗೆ ನನಗೆ ನಾಲ್ಕೇ ತಿಂಗಳು, ಮತ್ತು ಮುಂದಿನ ಮೇಳದ ವೇಳೆಗೆ ಅವರು ಇರಲಿಲ್ಲ. ಈ ನೆನಪನ್ನು ಏನೆಂದು ಬರೆಯಲಿ?

ಹದಿಹರೆಯದ ಭಾಗವೂ ಕಷ್ಟವಾಗಿದೆ. ಏಳನೆಯ ತರಗತಿಯಲ್ಲಿ ನಾನು ಶಾಲೆಯ ಖೋಖೋ ತಂಡದಲ್ಲಿದ್ದೆ. ಮೈನೆರೆದ ಮೇಲೆ ಸೋದರಮಾವ ಗುಡ್ಲು ಹಾಕಿದರು, ಆರತಿ ಮಾಡಿದರು, ಎಲ್ಲರೂ ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಆಟ ಅಲ್ಲಿಗೆ ನಿಂತಿತು. ಇದನ್ನು ಬರೆಯದಿದ್ದರೆ ಬರಹ ಪೂರ್ಣವಾಗುವುದಿಲ್ಲ, ಬರೆದರೆ ಮನೆಯವರನ್ನು ದೂರಿದಂತಾಗುತ್ತದೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ನಿವೃತ್ತ ಉಪನ್ಯಾಸಕ (ಶಿಕ್ಷಣ ಮನೋವಿಜ್ಞಾನ):

ನಿಮ್ಮ ಪ್ರಶ್ನೆಯಲ್ಲಿಯೇ ಒಳ್ಳೆಯ ಬರಹದ ಅರ್ಧ ಭಾಗ ಇದೆ. ಅಜ್ಜಿಯ ಮಾತು, ಅವ್ವನ ಮಾತು, ನಿಮ್ಮ ನೆನಪು ಎಂಬ ಮೂರನ್ನೂ ನೀವು ಈಗಾಗಲೇ ಬೇರ್ಪಡಿಸಿ ಇಟ್ಟಿದ್ದೀರಿ. ಬರಹದ ಉದ್ದಕ್ಕೂ ಅದನ್ನೇ ಮುಂದುವರಿಸಿ: ಪ್ರತಿಯೊಂದು ವಿಷಯವೂ ಎಲ್ಲಿಂದ ಬಂತೆಂಬುದನ್ನು ಅದರ ಜೊತೆಗೇ ಹೇಳಿ. ತಾನು ಕಂಡದ್ದು, ಕೇಳಿದ್ದು, ಕಾಗದದಲ್ಲಿ ಇರುವುದು, ಊಹಿಸಿದ್ದು, ಇವೆಲ್ಲವೂ ‘ನಾನು’ ಎಂಬ ಒಂದೇ ದನಿಯಲ್ಲಿ ಬೆರೆತುಹೋಗುವುದರಿಂದಲೇ ಇಂತಹ ಬರಹಗಳು ಸಾಮಾನ್ಯವಾಗಿ ಟೊಳ್ಳಾಗುತ್ತವೆ.

ಮೊದಲ ವರ್ಷಗಳು ನೆನಪಿರದಿರುವುದು ನಿಮ್ಮೊಬ್ಬರ ಕೊರತೆಯಲ್ಲ. ಆ ವಯಸ್ಸಿನ ಘಟನೆಗಳು ದೊಡ್ಡವರಾದ ಮೇಲೆ ನೆನಪಿಗೆ ಬಾರದಿರುವುದನ್ನು ಮನೋವಿಜ್ಞಾನವು ಶೈಶವದ ಮರೆವು ಎಂದು ಗುರುತಿಸಿದೆ. ಬಹುಪಾಲು ವಯಸ್ಕರು ಹೇಳುವ ಮೊದಲ ನೆನಪು ಸರಾಸರಿ ಮೂರರಿಂದ ಮೂರೂವರೆ ವರ್ಷದ್ದು. ಘಟನೆಗಳನ್ನು ಒಂದಕ್ಕೊಂದು ಹೆಣೆದು ಇಡುವ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ ಆಗಿನ್ನೂ ಬಲಿಯುತ್ತಿರುತ್ತದೆ. ಕಂಡದ್ದನ್ನು ಕಥೆಯಾಗಿ ಹೇಳಿಕೊಳ್ಳುವಷ್ಟು ಭಾಷೆಯೂ ಕೈಗೆ ಬಂದಿರುವುದಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಈ ಸರಾಸರಿಯು ಎಲ್ಲ ಸಮುದಾಯಗಳಲ್ಲಿ ಒಂದೇ ಆಗಿಲ್ಲ. ಹಿಂದಿನದನ್ನು ಮಕ್ಕಳೊಂದಿಗೆ ಮತ್ತೆ ಮತ್ತೆ ಮಾತನಾಡುವ ಸಂಪ್ರದಾಯವಿರುವ ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಮೊದಲ ನೆನಪುಗಳು ಇನ್ನೂ ಎಳೆಯ ವಯಸ್ಸಿನವು ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಅಂದರೆ ಮಗುವಿನ ನೆನಪನ್ನು ಕಟ್ಟುವುದರಲ್ಲಿ ಅಜ್ಜಿಯಂತಹವರ ಮಾತಿಗೂ ಪಾಲು ಇದೆ.

ಇನ್ನು ಕುಂಭಮೇಳದ ನೆನಪು. ನೀವು ಶೀರ್ಷಿಕೆಯಾಗಿ ಬಳಸಲು ಹಿಂಜರಿಯುತ್ತಿರುವ ಅದೇ ಜ್ಯಾನ್ ಪಿಯಾಜೆಯ ಜೀವನದಲ್ಲಿ ಇದಕ್ಕೆ ತೀರ ಹತ್ತಿರವಾದ ಘಟನೆಯೊಂದು ಇದೆ. ಎರಡು ವರ್ಷದವನಾಗಿದ್ದಾಗ ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯಲ್ಲಿ ತನ್ನನ್ನು ಯಾರೋ ಕದ್ದೊಯ್ಯಲು ಬಂದದ್ದು, ತನ್ನನ್ನು ನೋಡಿಕೊಳ್ಳುತ್ತಿದ್ದ ದಾದಿ ಅಡ್ಡ ನಿಂತು ಕಾಪಾಡಿದ್ದು, ಅವಳ ಮುಖದ ಮೇಲೆ ಪರಚಿದ ಗಾಯಗಳಾಗಿದ್ದು, ಇವೆಲ್ಲವೂ ಅವರಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿದ್ದವು. ಅವರಿಗೆ ಸುಮಾರು 15 ವರ್ಷವಾದಾಗ ಅದೇ ದಾದಿಯಿಂದ ಮನೆಗೆ ಪತ್ರ ಬಂತು: ಆ ಘಟನೆ ನಡೆದೇ ಇರಲಿಲ್ಲ, ಎಲ್ಲವೂ ತಾನು ಕಟ್ಟಿದ ಕಥೆ ಎಂದು ಅವಳು ಒಪ್ಪಿಕೊಂಡು, ಬಹುಮಾನವಾಗಿ ಪಡೆದಿದ್ದ ಗಡಿಯಾರವನ್ನು ಹಿಂದಿರುಗಿಸಿದ್ದಳು. ಮನೆಯಲ್ಲಿ ಹಿರಿಯರು ಹೇಳುತ್ತಿದ್ದ ಕಥೆಯನ್ನು ಕೇಳಿ ಕೇಳಿ ತನ್ನ ಮನಸ್ಸು ಅದನ್ನು ನೋಟವಾಗಿ ಮಾಡಿಕೊಂಡಿತೆಂದು ಪಿಯಾಜೆ ಮುಂದೆ ಬರೆದರು. ನಿಮ್ಮ ಮನೆಯಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೂ ನೋಟ ಹುಟ್ಟುವ ಬಗೆ ಅದೇ ಇರಬಹುದು. ಆದ್ದರಿಂದ ಆ ನೆನಪನ್ನು ಬಿಡಬೇಡಿ. ತಾತನ ಹೆಗಲಿನ ಕಥೆಯನ್ನು ಮನೆಯಲ್ಲಿ ಯಾರು, ಯಾವಾಗ ಹೇಳುತ್ತಿದ್ದರು, ಮೇಳದಲ್ಲಿ ತೆಗೆದ ಫೋಟೋ ಇದೆಯೇ, ಮುಂದಿನ ಮೇಳದಲ್ಲಿ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡವರು ಬೇರೆಯವರೇ ಎಂಬುದನ್ನು ವಿಚಾರಿಸಿ ಬರೆಯಿರಿ. ಮೂರು ವರ್ಷ ದಾಟಿದ ಮಗುವಿಗೆ ಆ ಎರಡನೆಯ ಮೇಳ ನೆನಪಿರುವುದು ಸಾಧ್ಯ. ತಾತನನ್ನು ಅಲ್ಲಿಗೆ ತಂದು ಕೂರಿಸಿದ್ದು ನಿಮ್ಮ ಮನಸ್ಸಿನ ಹಂಬಲವಾಗಿದ್ದರೆ, ನಿಮ್ಮ ಭಾವನಾತ್ಮಕ ಬೆಳವಣಿಗೆಯ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವ ಸಾಕ್ಷ್ಯ ಬೇರೊಂದು ಸಿಗಲಾರದು.

ಅಂಗನವಾಡಿ ಮೇಲ್ವಿಚಾರಕಿ:

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾಲ್ಕು ತಿಂಗಳ ಕೂಸು ಆಸರೆಯಿಲ್ಲದೆ ಕೂರುವುದು ಬಲು ಅಪರೂಪ. ಆಗ ತಾನೇ ಕತ್ತು ನಿಂತಿರುತ್ತದೆ. ಹಾಗಾಗಿ ಆ ಮೇಳದಲ್ಲಿ ತಾತ ನಿಮ್ಮನ್ನು ಎತ್ತಿಕೊಂಡಿದ್ದರೆ ಅದು ತೋಳಿನಲ್ಲಿಯೇ ಹೊರತು ಹೆಗಲ ಮೇಲಲ್ಲ.

ಅಜ್ಜಿ ಮತ್ತು ಅವ್ವನಲ್ಲಿ ಯಾರ ಮಾತು ಸರಿಯೆಂದು ತೀರ್ಮಾನಿಸಲು ಹೋಗಬೇಡಿ. ಅಕ್ಟೋಬರಿನಲ್ಲಿ ಹುಟ್ಟಿದ ನಿಮಗೆ ಮೊದಲ ಗೌರಿ ಹಬ್ಬಕ್ಕೆ ಹನ್ನೊಂದು ತಿಂಗಳು, ಅದರ ಮುಂದಿನ ಸಂಕ್ರಾಂತಿಗೆ ಹದಿನೈದು. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಮಾಹಿತಿಯ ಪ್ರಕಾರ, ಮಗು ತಾನಾಗಿ ನಡೆಯಲು ಆರಂಭಿಸುವ ಸಹಜ ಅವಧಿಯು 8.2 ತಿಂಗಳಿನಿಂದ 17.6 ತಿಂಗಳವರೆಗೆ ಚಾಚಿಕೊಂಡಿದೆ. ಅಂಬೆಗಾಲು ಇಡದೆಯೇ ನೇರವಾಗಿ ನಿಂತು ನಡೆದ ಮಕ್ಕಳೂ ಆ ಅಧ್ಯಯನದಲ್ಲಿದ್ದರು. ಪಠ್ಯಪುಸ್ತಕದಲ್ಲಿ ‘12 ತಿಂಗಳು’ ಎಂದಿರುವುದನ್ನು ನೋಡಿ ತಮ್ಮ ಬರಹದಲ್ಲಿಯೂ 12 ಎಂದು ತುಂಬುವವರು ಈ ವಿಸ್ತಾರವನ್ನು ಕಾಣುವುದಿಲ್ಲ. ಅವ್ವ ಯಾವ ಯಾವ ಹಬ್ಬಕ್ಕೆ ರಜೆ ಪಡೆದು ಊರಿಗೆ ಬರುತ್ತಿದ್ದರೆಂದು ಕೇಳಿ ನೋಡಿ. ಗೌರಿ ಹಬ್ಬದಲ್ಲಿ ಅವರು ಬೆಂಗಳೂರಿನಲ್ಲಿಯೇ ಇದ್ದು, ನಿಮ್ಮ ನಡಿಗೆಯನ್ನು ಮೊದಲು ಕಂಡದ್ದೇ ಸಂಕ್ರಾಂತಿಯಲ್ಲಿ ಎಂದಾದರೆ ಇಬ್ಬರ ಮಾತೂ ನಿಜವಾಗುತ್ತದೆ. ದೂರದಲ್ಲಿ ದುಡಿಯುವ ತಾಯಂದಿರು ಮಗುವಿನ ಬೆಳವಣಿಗೆಯನ್ನು ಹಬ್ಬದ ಲೆಕ್ಕದಲ್ಲಿಯೇ ನೆನಪಿಟ್ಟುಕೊಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಮತ್ತು ಪ್ರತಿ ಸಲವೂ ನನಗೆ ಸಂಕಟವಾಗಿದೆ.

ಅಜ್ಜಿಯನ್ನು ಕೇಳುವಾಗ ‘ಎಷ್ಟನೇ ತಿಂಗಳು’ ಎಂದು ಕೇಳಬೇಡಿ, ಆಸರೆಗೆ ಒಂದು ಘಟನೆಯನ್ನು ಕೊಟ್ಟು ಕೇಳಿ. ದಡಾರದ ಚುಚ್ಚುಮದ್ದನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಿದ್ದರು. ಅದಕ್ಕೆ ಕರೆದುಕೊಂಡು ಹೋದಾಗ ನೀವು ನಿಲ್ಲುತ್ತಿದ್ದಿರಾ, ಯಾರನ್ನು ನೋಡಿ ಅತ್ತಿರಿ, ಯಾರ ಸೆರಗು ಹಿಡಿದಿರಿ ಎಂದು ಕೇಳಿದರೆ ಉತ್ತರ ತಾನಾಗಿ ಹೊರಬರುತ್ತದೆ. ಬಜೆ ತೇಯ್ದು ನೆಕ್ಕಿಸಿದ್ದು, ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ್ದು, ಮೊದಲ ಅನ್ನ ತಿನ್ನಿಸಿದ್ದು, ಜವಳ ತೆಗೆಸಿದ್ದು, ಇವೂ ಕಾಲವನ್ನು ಗುರುತಿಸುವ ಆಸರೆಗಳೇ. ತಾಯಿ ಹತ್ತಿರವಿಲ್ಲದ ಮಗುವಿನ ಬಾಂಧವ್ಯವು ಕೊರತೆಯದ್ದೇ ಆಗಿರಬೇಕೆಂದು ದಯವಿಟ್ಟು ಬರೆಯಬೇಡಿ. ತಾಯಿ ಮತ್ತು ಮಗುವಿನ ಬಾಂಧವ್ಯದ ಅಧ್ಯಯನಕ್ಕೆ ಹೆಸರಾದ ಮೇರಿ ಐನ್ಸ್‌ವರ್ತ್ ಅವರು 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ಗಮನಿಸಿದಾಗಲೂ ಮಕ್ಕಳು ತಾಯಿಯೊಡನೆ ಮನೆಯ ಇತರರನ್ನೂ ಹಚ್ಚಿಕೊಂಡಿದ್ದುದು ಕಂಡುಬಂದಿತ್ತು.

ನಿಮ್ಮ ತಾಲ್ಲೂಕಿನ ಬಗ್ಗೆ ಒಂದು ವಿಷಯ: 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ನೀವು ಅಂಗನವಾಡಿಗೆ ಹೋಗಿದ್ದರೆ, ನಿಮ್ಮ ಅವ್ವನೂ ಅಲ್ಲಿಗೆ ಹೋಗಿದ್ದರೇ ಎಂದು ಕೇಳಿ. ಎರಡು ತಲೆಮಾರು ಒಂದೇ ಬಗೆಯ ಕೇಂದ್ರದಲ್ಲಿ ಆಡಿ ಬೆಳೆದಿರುವ ಸಾಧ್ಯತೆ ನಿಮ್ಮ ಊರಿನಲ್ಲಿ ಬೇರೆಡೆಗಿಂತ ಹೆಚ್ಚು.

ನಲಿಕಲಿ ಶಿಕ್ಷಕ:

ಇಂತಹ ಬರಹಗಳು ಶೈಶವವನ್ನೂ ಹದಿಹರೆಯವನ್ನೂ ವಿಸ್ತರಿಸಿ, ಆರರಿಂದ ಹನ್ನೊಂದರ ನಡುವಿನ ವರ್ಷಗಳನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನಿಮ್ಮ ಪ್ರಶ್ನೆಯಲ್ಲಿಯೂ ಆ ವರ್ಷಗಳ ಸುಳಿವೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ನೀವು ಹೆಚ್ಚು ಬರೆಯಬೇಕಾದದ್ದು ಅಲ್ಲಿಯೇ, ಏಕೆಂದರೆ ಆ ವಯಸ್ಸಿನದು ನಿಮಗೆ ಸ್ವತಃ ನೆನಪಿದೆ, ಜೊತೆಯಲ್ಲಿ ಆಡಿದವರು ಊರಿನಲ್ಲಿದ್ದಾರೆ, ಕಾಗದಪತ್ರಗಳೂ ಶಾಲೆಯಲ್ಲಿವೆ.

2003ರಲ್ಲಿ ಹುಟ್ಟಿದ ನೀವು ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಒಂದನೆಯ ತರಗತಿಗೆ ಬಂದದ್ದು 2009ರ ಸುಮಾರಿಗೆ. ನಿಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ, ಚಟುವಟಿಕೆಗಳ ಮೂಲಕ ನಲಿಯುತ್ತ ಕಲಿಯುವ ನಲಿಕಲಿ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದ್ದು 2009–10ರಲ್ಲಿ. ತಲೆಯ ಮೇಲೆ ಕಟ್ಟಿದ್ದ ಚಪ್ಪರದಲ್ಲಿ ನಿಮ್ಮ ಚಿತ್ರ ತೂಗಿದ್ದು, ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ನಿಮ್ಮ ಮೆಟ್ಟಿಲನ್ನು ಹುಡುಕಿ, ಕಾರ್ಡು ತೆಗೆದುಕೊಂಡು, ಆ ದಿನದ ತಟ್ಟೆಗೆ, ಅಂದರೆ ನಿಮ್ಮ ಗುಂಪು ಕೂರುವ ಜಾಗಕ್ಕೆ, ಹೋಗಿ ಕುಳಿತದ್ದು ನೆನಪಿರಲೇಬೇಕು. ಮೊದಲು ಶಿಕ್ಷಕರ ಪೂರ್ಣ ಬೆಂಬಲದ ಗುಂಪು, ಆಮೇಲೆ ಭಾಗಶಃ ಬೆಂಬಲದ್ದು, ಅನಂತರ ಸಹಪಾಠಿಗಳ ಬೆಂಬಲದ್ದು, ಕೊನೆಗೆ ಸ್ವಕಲಿಕೆಯ ಗುಂಪು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಹೇಳಿದ್ದನ್ನು, ಅಂದರೆ ಮಗು ಇಂದು ಇನ್ನೊಬ್ಬರ ನೆರವಿನಿಂದ ಮಾಡುವುದನ್ನು ನಾಳೆ ತಾನೊಂದೇ ಮಾಡಬಲ್ಲದು ಎಂಬುದನ್ನು, ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಿಮಗೆ ಬೇಕಾಗಿಲ್ಲ. ಯಾವ ಅಕ್ಷರದ ಬಳಿ ನೀವು ಬಹಳ ದಿನ ನಿಂತಿರಿ, ಆಗ ಯಾವ ಗೆಳತಿ ಹೇಳಿಕೊಟ್ಟಳು, ನೀವು ಯಾರಿಗೆ ಹೇಳಿಕೊಟ್ಟಿರಿ ಎಂಬುದನ್ನು ಬರೆಯಿರಿ. ಒಂದು, ಎರಡು, ಮೂರನೆಯ ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದ ಶಾಲೆಯಾಗಿದ್ದರೆ, ಹಿರಿಯರಿಂದ ಕಲಿಯುವ ಕಿರಿಯಳಾಗಿ ಬಂದ ನೀವು ಅದೇ ಕೋಣೆಯಲ್ಲಿ ಕಿರಿಯರಿಗೆ ಕಲಿಸುವ ಹಿರಿಯಳಾದ ಬದಲಾವಣೆಯನ್ನು ಹಿಡಿಯಲು ಸಾಧ್ಯವಿದೆ. ಶಿಕ್ಷಕಿಯಾಗಲು ಹೊರಟಿರುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಆಟ. ಪಿಯಾಜೆಯ ಹಂತಗಳನ್ನು ಶೀರ್ಷಿಕೆಯಾಗಿ ಬಳಸುವ ಎಷ್ಟೋ ವಿದ್ಯಾರ್ಥಿಗಳು ಅವರು ಗೋಲಿ ಆಡುವ ಮಕ್ಕಳ ನಡುವೆ ಕುಳಿತು ಪ್ರಶ್ನೆ ಕೇಳಿದ್ದನ್ನು ಓದಿರುವುದೇ ಇಲ್ಲ. ಈ ನಿಯಮವನ್ನು ಮಾಡಿದವರು ಯಾರು, ಹೊಸ ನಿಯಮವನ್ನು ನೀನು ಮಾಡಬಹುದೇ ಎಂದು ಅವರು ಸ್ವಿಟ್ಜರ್ಲೆಂಡಿನ ಮಕ್ಕಳನ್ನು ಕೇಳಿದರು. ಚಿಕ್ಕ ಮಕ್ಕಳು ನಿಯಮವೆಂದರೆ ಹಿರಿಯರಿಂದ ಬಂದದ್ದು, ಅದನ್ನು ಮುಟ್ಟಬಾರದು ಎಂದರು. ಹತ್ತು ಹನ್ನೆರಡರ ಮಕ್ಕಳು ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂದರು. 1932ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹುಡುಗಿಯರಿಗೆ ನಿಯಮಗಳನ್ನು ಬಿಗಿಯಾಗಿ ಕಟ್ಟುವ ಆಸಕ್ತಿ ಕಡಿಮೆ ಎಂಬ ಮಾತೂ ಇದೆ. ಹುಡುಗರನ್ನು ಅಳತೆಗೋಲಾಗಿಟ್ಟು ಹುಡುಗಿಯರ ನೈತಿಕ ಬೆಳವಣಿಗೆಯನ್ನು ತೂಗುವುದನ್ನು ಅಮೆರಿಕದ ಮನೋವಿಜ್ಞಾನಿ ಕ್ಯಾರೊಲ್ ಗಿಲಿಗನ್ 1982ರಲ್ಲಿ ಬಲವಾಗಿ ಪ್ರಶ್ನಿಸಿದರು. ನಿಮ್ಮ ಕುಂಟೆಬಿಲ್ಲೆಯ ಜಗಳಗಳನ್ನು ನೆನಪಿಸಿಕೊಳ್ಳಿ. ಗೆರೆ ತುಳಿದಳೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದವರು ಯಾರು, ಚಿಕ್ಕವಳೊಬ್ಬಳು ಆಟಕ್ಕೆ ಬಂದಾಗ ಅವಳಿಗೆಂದು ನಿಯಮವನ್ನು ಸಡಿಲಿಸುತ್ತಿದ್ದಿರಾ, ಜಗಳ ಮುಗಿಯದಿದ್ದರೆ ಆಟ ನಿಲ್ಲುತ್ತಿತ್ತೇ ಅಥವಾ ನಿಯಮ ಬದಲಾಗುತ್ತಿತ್ತೇ? ಇದನ್ನು ಪ್ರಾಮಾಣಿಕವಾಗಿ ಬರೆದರೆ, ನಿಮ್ಮ ಬರಹವು ಸಿದ್ಧಾಂತದ ಜೊತೆ ವಾದಿಸಬಲ್ಲದು. ಹಂತಗಳ ಹೆಸರನ್ನು ಬಳಸುವುದು ತಪ್ಪಲ್ಲ. ನಿಮ್ಮ ಬದುಕು ಎಲ್ಲಿ ಅದಕ್ಕೆ ಹೊಂದುವುದಿಲ್ಲವೆಂದು ತೋರಿಸುವುದಕ್ಕೂ ಆ ಹೆಸರುಗಳು ಬೇಕಾಗುತ್ತವೆ.

ಕಪಿಲೆಯ ದಡದವಳು:

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಇಂದು ಅವ್ವನಿಗೆ ಫೋನು ಮಾಡಿ ಕೇಳಿದೆ. ಆ ವರ್ಷದ ಗೌರಿ ಹಬ್ಬಕ್ಕೆ ರಜೆ ಸಿಕ್ಕಿರಲಿಲ್ಲವಂತೆ. ಸಂಕ್ರಾಂತಿಗೆ ಬಂದಾಗ ನಾನು ನಡೆದುಕೊಂಡು ಬಾಗಿಲವರೆಗೆ ಬಂದು, ಅವಳನ್ನು ನೋಡಿ ಅಜ್ಜಿಯ ಹಿಂದೆ ಅಡಗಿಕೊಂಡೆನಂತೆ. ಇದನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ನಲಿಕಲಿಯ ಕೋಣೆ, ಚಪ್ಪರ ಎಲ್ಲವೂ ನೆನಪಿದೆ, ಆ ಭಾಗವನ್ನು ವಿಸ್ತರಿಸುತ್ತೇನೆ. ಹದಿಹರೆಯದ ಬಗ್ಗೆ ಯಾರಾದರೂ ಹೇಳುವಿರಾ? ಶಾಲೆಯ ದಾಖಲೆಗಳನ್ನು ಪಡೆಯುವುದು ಹೇಗೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಹದಿಹರೆಯದವರ ಆಪ್ತಸಮಾಲೋಚಕಿ:

ಅವ್ವ ಹೇಳಿದ್ದನ್ನು ಬರೆಯುವ ಮುನ್ನ ಅವರ ಒಪ್ಪಿಗೆ ಕೇಳಿ. ಅದು ನಿಮ್ಮ ಬೆಳವಣಿಗೆಯ ಭಾಗವಾಗಿರುವಂತೆಯೇ ಅವರ ನೋವೂ ಆಗಿದೆ. ಅಪರಿಚಿತರನ್ನು ಕಂಡು ಹಿಂಜರಿಯುವುದು ಆ ವಯಸ್ಸಿನ ಮಕ್ಕಳಲ್ಲಿ ಸಹಜವಾದದ್ದೆಂದೂ, ಅಜ್ಜಿಯ ಹಿಂದೆ ಅಡಗುವಷ್ಟು ಭದ್ರತೆ ನಿಮಗೆ ಅಲ್ಲಿ ಸಿಕ್ಕಿತ್ತೆಂದೂ ಅವರಿಗೆ ಹೇಳಿ.

ಖೋಖೋದ ವಿಷಯವನ್ನು ಖಂಡಿತ ಬರೆಯಿರಿ. ಮನೆಯವರು ಪ್ರೀತಿಸಿದ್ದೂ ನಿಜ, ಆಟ ನಿಂತದ್ದೂ ನಿಜ. ಇವೆರಡನ್ನೂ ಒಂದೇ ಉಸಿರಿನಲ್ಲಿ ನೀವು ಇಲ್ಲಿ ಈಗಾಗಲೇ ಹೇಳಿದ್ದೀರಿ, ಅದರಲ್ಲಿ ದೂರು ಕಾಣುವುದಿಲ್ಲ. ಆ ವರ್ಷಗಳಲ್ಲಿ ಶಾಲೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನೂ ಸೇರಿಸಿ: ಸರ್ಕಾರದ ಶುಚಿ ಯೋಜನೆಯ ಪ್ಯಾಡುಗಳು ನಿಮಗೆ ಸಿಗುತ್ತಿದ್ದವೇ, ನೀರಿರುವ ಶೌಚಾಲಯವಿತ್ತೇ, ಆ ಬಗ್ಗೆ ಯಾವ ಶಿಕ್ಷಕಿ ಮಾತನಾಡಿದರು, ಎಂಟನೆಯ ತರಗತಿಯಲ್ಲಿ ಸಿಕ್ಕ ಸೈಕಲ್ಲು ನಿಂತುಹೋಗಿದ್ದ ಓಡಾಟವನ್ನು ಸ್ವಲ್ಪವಾದರೂ ಮರಳಿಸಿತೇ? ಹುಡುಗಿಯೊಬ್ಬಳ ಆಟ ನಿಲ್ಲುವುದಕ್ಕೆ ಮನೆಯೊಂದೇ ಕಾರಣವಾಗಿರುವುದಿಲ್ಲ. ಅದೇ ತಂಡದಲ್ಲಿದ್ದ ಇತರ ಹುಡುಗಿಯರಿಗೆ ಏನಾಯಿತು ಎಂದು ವಿಚಾರಿಸಿದರೆ, ನಿಮ್ಮ ಅನುಭವ ನಿಮ್ಮೊಬ್ಬರದೇ ಆಗಿತ್ತೋ ಅಥವಾ ಊರಿನ ರೂಢಿಯಾಗಿತ್ತೋ ಎಂಬುದು ತಿಳಿಯುತ್ತದೆ.

ಎರಿಕ್ ಎರಿಕ್‌ಸನ್ ಅವರನ್ನು ಉಲ್ಲೇಖಿಸುವುದಾದರೆ, ಅವರ ಬದುಕನ್ನೂ ಸ್ವಲ್ಪ ಓದಿಕೊಳ್ಳಿ. ಹೆತ್ತ ತಂದೆ ಯಾರೆಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಲತಂದೆಯ ಯಹೂದಿ ಮನೆಯಲ್ಲಿ ಬೆಳೆದ ಆ ಹುಡುಗನನ್ನು ಪ್ರಾರ್ಥನಾ ಮಂದಿರದಲ್ಲಿ ಅನ್ಯನೆಂದೂ, ಶಾಲೆಯಲ್ಲಿ ಯಹೂದಿಯೆಂದೂ ಹೊರಗಿಟ್ಟು ನೋಡಲಾಯಿತು. ಅಮೆರಿಕದ ಪೌರನಾದಾಗ ಎರಿಕ್‌ಸನ್ ಎಂಬ ಹೆಸರನ್ನು ಅವರೇ ಆರಿಸಿಕೊಂಡರು. ‘ನಾನು ಯಾರು’ ಎಂಬ ಪ್ರಶ್ನೆಯನ್ನು ಹದಿಹರೆಯದ ನಡುವೆ ಇಟ್ಟ ಸಿದ್ಧಾಂತಕ್ಕೂ ಆತನ ಸ್ವಂತ ಅವಲೋಕನಕ್ಕೂ ನಂಟಿದೆ. ಆ ಹಂತವನ್ನು ‘ಯಶಸ್ವಿಯಾಗಿ ದಾಟಿದೆ’ ಎಂದು ಬರೆಯುವ ಅಗತ್ಯ ನಿಮಗಿಲ್ಲ. ಮುಂದಾಲೋಚನೆ ಮತ್ತು ಸಂಯಮಕ್ಕೆ ಸಂಬಂಧಿಸಿದ ಮೆದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಿರುತ್ತದೆ; ನಿಮ್ಮ ವಯಸ್ಸಿಗೆ ಅದು ಇನ್ನೂ ನಡೆಯುತ್ತಿರುವ ಕೆಲಸ.

ಒಪ್ಪಿಸುವ ಮೊದಲು ನಿಮ್ಮ ಉಪನ್ಯಾಸಕರನ್ನು ಎರಡು ವಿಷಯ ಕೇಳಿ: ಬರಹವನ್ನು ತರಗತಿಯಲ್ಲಿ ಓದಿಸುತ್ತಾರೆಯೇ, ಮತ್ತು ಅದನ್ನು ಕಾಲೇಜಿನಲ್ಲಿಯೇ ಇಟ್ಟುಕೊಳ್ಳುತ್ತಾರೆಯೇ? ಉತ್ತರವನ್ನು ನೋಡಿಕೊಂಡು ಯಾವುದನ್ನು ಬಿಡಬೇಕೆಂದು ನೀವೇ ನಿರ್ಧರಿಸಿ. ನಿಮ್ಮ ಬದುಕಿನ ಎಲ್ಲವನ್ನೂ ಅಂಕಗಳಿಗಾಗಿ ತೆರೆದಿಡಬೇಕೆಂಬ ನಿಯಮವಿಲ್ಲ. ಬರೆಯುತ್ತಾ ಹೋದಂತೆ ಹಳೆಯ ನೋವು ತಾಳಲಾರದಷ್ಟಾದರೆ ಬರಹವನ್ನು ಬದಿಗಿಟ್ಟು, ನಂಬಿಕೆಯಿರುವವರೊಡನೆ ಮಾತನಾಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ನಲಿಕಲಿ ಶಿಕ್ಷಕ:

ದಾಖಲೆಗಳ ಬಗ್ಗೆ: ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಹಳೆಯ ವಿದ್ಯಾರ್ಥಿನಿಯೆಂದು ತಿಳಿಸಿ, ಉದ್ದೇಶವನ್ನು ವಿವರಿಸಿ, ಒಂದು ಅರ್ಜಿ ಬರೆದುಕೊಡಿ. ಸೇರ್ಪಡೆಯ ದಿನಾಂಕ, ಹುಟ್ಟಿದ ದಿನಾಂಕ, ಪೋಷಕರ ಹೆಸರು ದಾಖಲಾತಿ ಪುಸ್ತಕದಲ್ಲಿರುತ್ತವೆ. ಪೋಷಕರೆಂದು ಅಲ್ಲಿ ಯಾರ ಹೆಸರನ್ನು ಬರೆಸಲಾಗಿದೆ ಎಂಬುದನ್ನು ನೋಡಿಕೊಳ್ಳಿ. ಹುಟ್ಟಿದ ದಿನಾಂಕವನ್ನೂ ಜನನ ಪ್ರಮಾಣಪತ್ರದ ಜೊತೆ ಹೋಲಿಸಿ. ಹಿಂದಿನ ತಲೆಮಾರಿನ ಎಷ್ಟೋ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆದುಬಿಡುತ್ತಿದ್ದರು, ನಿಮ್ಮ ಅವ್ವನ ದಾಖಲೆಯಲ್ಲಿ ಹಾಗಿದ್ದರೆ ಆಶ್ಚರ್ಯವಿಲ್ಲ. ನಲಿಕಲಿಯ ಪ್ರಗತಿ ನೋಟದ ಹಳೆಯ ಹಾಳೆಗಳು ಉಳಿದಿರುವುದು ಅಪರೂಪ, ಆದರೂ ಕೇಳಿ ನೋಡಿ. ಜೂನ್ ಮೊದಲ ವಾರದಲ್ಲಿ ದಾಖಲಾತಿಯ ಒತ್ತಡವಿರುವುದರಿಂದ ಆ ದಿನಗಳನ್ನು ಬಿಟ್ಟು, ಸಾಧ್ಯವಾದರೆ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮನ್ನು ಮೊದಲ ದಿನ ಶಾಲೆಗೆ ಕರೆತಂದವರು ಅವರೇ ಆಗಿದ್ದರೆ, ಆ ಕೋಣೆಯ ಮುಂದೆ ನಿಂತಾಗ ಅವರಿಗೆ ನಿಮಗಿಂತ ಹೆಚ್ಚು ನೆನಪಾಗಬಹುದು.